ಕಾಕಾನ ಗಿಟಾರು ಬಿಚ್ಚಿದ ದಿನ

ಹಳೆಯ ಎಲೆಕ್ಟ್ರಿಕ್ ಗಿಟಾರುಗಳನ್ನು ಬಿಚ್ಚಿ ನೋಡಿ, ಯಾವ ಭಾಗ ಅಸಲಿ, ಯಾವುದು ಆಮೇಲೆ ಸೇರಿಸಿದ್ದು, ಒಟ್ಟಾರೆ ಎಷ್ಟು ಬೆಲೆ ಬಾಳೀತು ಎಂದು ಬರೆದುಕೊಡುವುದು ನನ್ನ ಕೆಲಸ. ಈ ಕೆಲಸಕ್ಕೆ ತಣ್ಣನೆಯ ತಲೆ ಬೇಕು. ಆದರೆ ಆ ಒಂದು ಗಿಟಾರನ್ನು ನೋಡಲು ಹೋದ ದಿನ ನನ್ನ ತಲೆ ಕುದಿಯುತ್ತಿತ್ತು. ಅದನ್ನು ಕಣ್ಣಿಂದ ಕಾಣುವ ಮೊದಲೇ ಅದರ ಮಾನ ಕಳೆಯಬೇಕೆಂದು ತೀರ್ಮಾನಿಸಿಬಿಟ್ಟಿದ್ದೆ.

ಫೋನು ಬಂದದ್ದು ಕಾಕಾನಿಂದ. ಕಾಕಾ ಎಂದರೆ ನಮ್ಮ ರಕ್ತಸಂಬಂಧಿಯಲ್ಲ. ದಾದರಿನಲ್ಲಿ ವಾದ್ಯಗಳ ಅಂಗಡಿ ಇಟ್ಟವರು, ಅಪ್ಪನ ಜೊತೆ ಒಂದೇ ರೈಲಿನಲ್ಲಿ ಹುಬ್ಬಳ್ಳಿಯಿಂದ ಮುಂಬಯಿಗೆ ಬಂದವರು. ಅಂಗಡಿ ಅವರದು, ಅದರ ಹಿಂಬದಿಯ ರಿಪೇರಿ ಬೆಂಚು ಅಪ್ಪನದು. ಇಲ್ಲಿ ಅವರನ್ನು ಬಹುವಚನದಲ್ಲೇ ಬರೆಯುತ್ತಿದ್ದೇನೆ. ಅದು ರೂಢಿ, ಗೌರವ ಅಂತ ಯಾರೂ ತಿಳಿಯಬಾರದು.

"ಮಗಳ, ನಮ್ಮ ಬಿಲ್ಡಿಂಗ್ ರೀಡೆವಲಪ್‌ಮೆಂಟಿಗೆ ಹೊಂಟೈತಿ. ಅಂಗಡಿ ಖಾಲಿ ಮಾಡಾಕತ್ತೀನಿ. ನನ್ನ ಸ್ವಂತ ಗಿಟಾರ್ ಒಂದೈತಲ್ಲ, ಅದನ್ನೂ ಕೊಟ್ಟಬಿಡಾಂವ. ಗಿರಾಕಿಗೆ ಒಂದು ಕಾಗದ ಬೇಕಂತ. ನೀ ಬಂದು ಎಲ್ಲಾ ಓರಿಜಿನಲ್ ಐತಿ ಅಂತ ಬರದು ಕೊಡು. ಮನಿ ಕೆಲಸ."

"ಗಿರಾಕಿ ಯಾರ್ರಿ ಕಾಕಾ?"

"ಮಾಟುಂಗಾದ ಹೋಟೆಲ್ ಸೇಠ್. ನಿಂಗ ನೆನಪಿರಬೇಕು."

ನೆನಪಿರದೆ ಏನು? ನಾನು ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ ಆ ಸೇಠ್ ಒಂದು ಆರ್ಕೆಸ್ಟ್ರಾದ ಗಿಟಾರು ವಾದಕ. ಅರವತ್ತರ ದಶಕದ ಅಮೆರಿಕನ್ ಗಿಟಾರು ಅವರ ಬಳಿ ಇತ್ತು. ಕೈಯಾಡಿಸುವ ಪಟ್ಟಿಯ ಅಡ್ಡ ಲೋಹದ ಫ್ರೆಟ್‌ಗಳು ಸವೆದಿವೆ, ಅದರ ಮೇಲಿನ ಒಂದು ಬಿಳಿ ಬೊಟ್ಟು ಉದುರಿದೆ ಎಂದು ಕಾಕಾನ ಅಂಗಡಿಗೆ ರಿಪೇರಿಗೆ ಕೊಟ್ಟಿದ್ದರು. ಅಪ್ಪ ರಿಪೇರಿ ಮುಗಿಸಿ ಕಾಕಾನ ಕೈಗೆ ಕೊಟ್ಟರು. ಕಾಕಾ ಅದನ್ನು ಸೇಠ್‌ಗೆ ಕೊಟ್ಟರು. ಮರುದಿನ ಸೇಠ್ ಬೆಂಕಿಯಾಗಿ ಬಂದರು. ಬಾಡಿ ನನ್ನದೇ, ಅದಕ್ಕೆ ಜೋಡಿಸುವ ಉದ್ದನೆಯ ನೆಕ್ ನನ್ನದಲ್ಲ, ಯಾವುದೋ ಸೊಟ್ಟ ನೆಕ್ ಹಾಕಿ ಕೊಟ್ಟಿದ್ದೀರಿ ಎಂದು ಕೂಗಾಡಿದರು. ಕಾಕಾ ಎಲ್ಲರ ಎದುರು ಅಪ್ಪನ ಕಡೆ ಕೈ ತೋರಿಸಿದರು. ಅಂಗಡಿಯ ಬಾಗಿಲಲ್ಲೇ ಅಪ್ಪನ ಚೀಲ ಝಾಡಿಸಿದರು. ಊಟದ ಡಬ್ಬಿ ಕೂಡ ತೆರೆಸಿದರು. ಡಬ್ಬಿಯಲ್ಲಿ ಗಿಟಾರಿನ ನೆಕ್ ಹಿಡಿಸುತ್ತದೆಯೇ ಎಂದು ಅಲ್ಲಿದ್ದ ಒಬ್ಬ ಪುಣ್ಯಾತ್ಮನೂ ಕೇಳಲಿಲ್ಲ.

ಅಂದಿನಿಂದ ಅಪ್ಪ ನೆಕ್ ಕದ್ದವ. ಮುಂಬಯಿಯ ಯಾವ ಆರ್ಕೆಸ್ಟ್ರಾದವನೂ ಅವರ ಕೈಗೆ ವಾದ್ಯ ಕೊಡಲಿಲ್ಲ. ಉಳಿದ ಆಯುಷ್ಯವೆಲ್ಲ ಭಜನಾ ಮಂಡಳಿಗಳ ಹಾರ್ಮೋನಿಯಂ ಶ್ರುತಿ ಮಾಡಿಕೊಂಡು ಕಳೆದರು, ಆ ಹೆಸರನ್ನು ಹೊತ್ತುಕೊಂಡೇ ತೀರಿಕೊಂಡರು. ನಾನು ಪರೇಲಿನಲ್ಲಿ ನನ್ನದೇ ವರ್ಕ್‌ಶಾಪ್ ತೆರೆದಾಗ ಕಾಕಾ ದೊಡ್ಡ ಮನಸ್ಸು ಮಾಡಿ ಗಿರಾಕಿಗಳನ್ನು ಕಳಿಸತೊಡಗಿದರು. ಕಳಿಸುವಾಗ ಪ್ರತಿಯೊಬ್ಬರಿಗೂ ಒಂದು ಮಾತು ಹೇಳುತ್ತಿದ್ದರು: "ಅಪ್ಪ ಹಂಗಿದ್ರೂ ಮಗಳು ನಿಯತ್ತಿನಾಕಿ." ಆ ಮಾತು ಕಿವಿಗೆ ಬಿದ್ದಾಗಲೆಲ್ಲ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಅಪ್ಪನನ್ನು ಕಳ್ಳನೆಂದು ಬೈದವರು ಒಬ್ಬರು, ಬೈಸಿದವರು ಒಬ್ಬರು. ಇಬ್ಬರೂ ಒಂದೇ ಗಿಟಾರಿನ ಎರಡು ಬದಿಗೆ ನಿಂತು ನನ್ನ ಮಾತಿಗೆ ಕಾಯುತ್ತಿದ್ದರು. ಇಂಥ ದಿನ ಮತ್ತೆ ಸಿಗುವುದಿಲ್ಲ ಅನ್ನಿಸಿತು. "ಬರ್ತೀನ್ರಿ ಕಾಕಾ" ಎಂದೆ.

ಅಂಗಡಿ ಅರ್ಧ ಖಾಲಿಯಾಗಿತ್ತು. ಗೋಡೆಯ ಮೊಳೆಗಳು ಮಾತ್ರ ಉಳಿದಿದ್ದವು. ಅಪ್ಪನ ಬೆಂಚು ಇದ್ದ ಜಾಗದಲ್ಲಿ ರಟ್ಟಿನ ಡಬ್ಬಗಳನ್ನು ಒಟ್ಟಿದ್ದರು. ಹೋಟೆಲ್ ಸೇಠ್ ಬಿಳಿ ಅಂಗಿ ಹಾಕಿಕೊಂಡು ಮದುವೆ ಗಂಡಿನ ಹಾಗೆ ಕೂತಿದ್ದರು.

"ನೀವು ಅವರ ಮಗಳಲ್ವಾ?" ಎಂದರು. "ಪರವಾಗಿಲ್ಲ ಮೇಡಂ. ಅಪ್ಪ ಮಾಡಿದ್ದಕ್ಕೆ ಮಗಳಿಗೆ ಎಂತ ಹೇಳುವುದು? ನಾನು ಹಳೇದೆಲ್ಲ ಮರ್ತು ಬಿಟ್ಟಿದ್ದೇನೆ."

ಮರೆತು ಬಿಟ್ಟಿದ್ದಾರಂತೆ! ನಾನು ಚೀಲದಿಂದ ಮೆತ್ತನೆಯ ಬಟ್ಟೆ ತೆಗೆದು ಮೇಜಿಗೆ ಹಾಸಿದೆ.

"ನನ್ನ ಮಗಂದಿರು ಕೇಳ್ತಾರೆ, ಈ ಪ್ರಾಯದಲ್ಲಿ ಅಷ್ಟು ದುಡ್ಡು ಹಾಕಿ ಹಳೇ ಮರದ ತುಂಡು ಎಂತಕ್ಕೆ ಅಂತ. ಕಾಗದ ಇದ್ರೆ ಅವರ ಬಾಯಿ ಮುಚ್ಚಿಸ್ಬಹುದು" ಎಂದು ಸೇಠ್ ತಾವಾಗಿಯೇ ಹೇಳಿಕೊಂಡರು. "ನನ್ನದು ಹಾಳಾದ ಮೇಲೆ ಅಂಥ ಸ್ವರ ಮತ್ತೆ ಸಿಗ್ಲೇ ಇಲ್ಲ."

ಕಾಕಾ ಪೆಟ್ಟಿಗೆ ತೆರೆದರು. ಒಳ್ಳೆಯ ಗಿಟಾರು, ಸುಳ್ಳು ಯಾಕೆ ಹೇಳಲಿ? ಕಂದು, ಹಳದಿ, ಕಪ್ಪು ಬಣ್ಣ ಒಂದರೊಳಗೊಂದು ಕರಗಿದ ಬಾಡಿ, ಅದರ ಪಾಲಿಶ್ ಮೇಲೆ ವಯಸ್ಸಿನ ಸಣ್ಣ ಬಿರುಕುಗಳು. ಆದರೆ ಕಾಕಾ ಮೊದಲೇ ಒಂದು ಷರತ್ತು ಹಾಕಿದರು.

"ಮುಂದಿನ ಪ್ಲಾಸ್ಟಿಕ್ ಪ್ಲೇಟ್ ಬಿಚ್ಚಿ ವೈರಿಂಗ್ ನೋಡು, ಬ್ಯಾಡ ಅನ್ನೂದಿಲ್ಲ. ನೆಕ್ ಮಾತ್ರ ಮುಟ್ಟಬ್ಯಾಡ. ಫ್ಯಾಕ್ಟರಿಯವರು ಬಿಗದ ಸ್ಕ್ರೂ ಅವು. ಹುಟ್ಟಿದಾಗಿಂದ ಯಾರೂ ತಿರುವಿಲ್ಲ. ಅದರಾಗ ಐತಿ ಇದರ ಕಿಮ್ಮತ್ತು."

ಮಾತು ಸುಳ್ಳಲ್ಲ. ಎಂದೂ ಬಿಚ್ಚದ ಗಿಟಾರಿಗೆ ಬೆಲೆ ಹೆಚ್ಚು. ನಾನು ತಲೆಯಾಡಿಸಿ ಪ್ಲೇಟಿನಿಂದ ಶುರು ಮಾಡಿದೆ. ವಾಲ್ಯೂಮ್ ಕಂಟ್ರೋಲುಗಳ ಬೆನ್ನ ಮೇಲೆ ಕಾರ್ಖಾನೆಯ ಗುರುತಿನ ಅಂಕಿ ಇರುತ್ತದೆ, ಅದು ಯಾವ ವರ್ಷದ್ದೆಂದು ಓದಬಹುದು. ಸರಿಯಾಗಿತ್ತು. ಬೆಸುಗೆಯ ಸೀಸ ಮಂಕಾಗಿ, ಮುಟ್ಟದಂತೆ ಕೂತಿತ್ತು. ಪಿಕಪ್ ಅಂದರೆ ತಂತಿಯ ನಾದವನ್ನು ಹಿಡಿಯುವ ಸುರುಳಿ. ಮೂರೂ ಸುರುಳಿಗಳಿಗೆ ಮೀಟರ್ ಹಚ್ಚಿ ನೋಡಿದೆ. ಮೂರೂ ಜೀವಂತ, ಮೂರೂ ಅಸಲಿ. ಒಂದೊಂದು ಪರೀಕ್ಷೆಯಲ್ಲೂ ಅದು ಪಾಸಾಗುತ್ತಾ ಹೋದಂತೆ ನನ್ನ ಕಿಚ್ಚು ಹೆಚ್ಚುತ್ತಿತ್ತು.

ಆಮೇಲೆ ದೀಪ ಆರಿಸಿ, ಶಟರ್ ಅರ್ಧ ಎಳೆದು, ನೇರಳಾತೀತ ಟಾರ್ಚು ಹಚ್ಚಿದೆ. ಹಳೆಯ ಪಾಲಿಶ್ ಆ ಬೆಳಕಿಗೆ ತಿಳಿ ಹಸಿರು ಹಳದಿಯಾಗಿ ಮಿನುಗುತ್ತದೆ. ಆಮೇಲೆ ಹೊಡೆದ ಪಾಲಿಶ್ ಇದ್ದರೆ ಅಷ್ಟು ಭಾಗ ಕಪ್ಪಗೆ ಬಿದ್ದಿರುತ್ತದೆ. ಬಾಡಿಯ ಮುಂದೆ, ಹಿಂದೆ, ಅಂಚು, ಎಲ್ಲ ಕಡೆ ಬೆಳಕು ಹಾಯಿಸಿದೆ. ಒಂದೇ ಒಂದು ಕಪ್ಪು ಕಲೆ ಸಿಗಲಿಲ್ಲ. ಕಾಕಾನ ಗಿಟಾರು ಕಾಕಾನಷ್ಟು ಕೊಳಕಾಗಿರಲಿಲ್ಲ.

ಸುಳ್ಳು ಬರೆಯಬಹುದಿತ್ತು. 'ಪಾಲಿಶ್ ಮರಳಿ ಹೊಡೆದದ್ದು' ಎಂದು ಒಂದು ಸಾಲು ಬರೆದಿದ್ದರೆ ಬೆಲೆ ಅರ್ಧಕ್ಕೆ ಇಳಿಯುತ್ತಿತ್ತು, ಸೇಠ್ ಎದ್ದು ಹೋಗುತ್ತಿದ್ದರು, ಕಾಕಾ ಬಾಯಿ ಬಾಯಿ ಬಿಡುತ್ತಿದ್ದರು. ಪೆನ್ನು ತೆಗೆದದ್ದೂ ಹೌದು. ಆದರೆ ನಾಳೆ ಇನ್ನೊಬ್ಬ ಪರೀಕ್ಷಕ ಬಂದು ಪಾಲಿಶ್ ಅಸಲಿ ಎಂದರೆ? ಅಪ್ಪ ಕಳ್ಳ, ಮಗಳು ಸುಳ್ಳಿ. ಕಾಕಾ ಅಂದು ಆಡಿದ್ದನ್ನು ನಾನೇ ನಿಜ ಮಾಡಿ ಕೊಟ್ಟ ಹಾಗಾಗುತ್ತಿತ್ತು. ಅಷ್ಟು ಅಗ್ಗಕ್ಕೆ ಅವರನ್ನು ಬಿಡಲು ನನಗೆ ಮನಸ್ಸಿರಲಿಲ್ಲ. ಪೆನ್ನು ಮುಚ್ಚಿಟ್ಟು ಮತ್ತೆ ಟಾರ್ಚು ಎತ್ತಿಕೊಂಡೆ.

ಬೆನ್ನ ಕಡೆ ನೆಕ್ಕನ್ನು ಬಾಡಿಗೆ ಹಿಡಿದಿಡುವ ನಾಲ್ಕು ಸ್ಕ್ರೂಗಳ ಕೆಳಗೆ ಒಂದು ಚೌಕ ತಗಡು ಇರುತ್ತದೆ. ವರ್ಷಗಟ್ಟಲೆ ಒಂದೇ ಕಡೆ ಕೂತ ತಗಡು ಪಾಲಿಶ್ ಮೇಲೆ ತನ್ನ ಅಂಚನ್ನು ಒತ್ತಿ ಬಿಟ್ಟಿರುತ್ತದೆ. ಭೂತಗನ್ನಡಿಯಲ್ಲಿ ನೋಡಿದೆ. ಒತ್ತಿದ ಗೆರೆ ಒಂದು ಕಡೆ, ತಗಡಿನ ಅಂಚು ಕೂದಲೆಳೆಯಷ್ಟು ಇನ್ನೊಂದು ಕಡೆ. ಎಂದೂ ಬಿಚ್ಚಿಲ್ಲ ಎಂಬ ಮಾತು ಅಲ್ಲಿಗೆ ಮುಗಿಯಿತು. ಆದರೂ ಅದೊಂದೇ ಏನನ್ನೂ ಹೇಳುವುದಿಲ್ಲ. ಎಷ್ಟೋ ಮಾಲೀಕರು ಬಿಚ್ಚಿ ಒರೆಸಿ ಮತ್ತೆ ಬಿಗಿದಿರುತ್ತಾರೆ.

ಗಿಟಾರನ್ನು ಮಗುಚಿ, ನೆಕ್ಕಿನ ಮೇಲಿನ ಬಿಳಿ ಬೊಟ್ಟುಗಳ ಮೇಲೆ ಬೆಳಕು ಹಾಯಿಸಿದೆ. ಎಲ್ಲವೂ ಮಂಕಾಗಿದ್ದವು. ಏಳನೇ ಫ್ರೆಟ್ಟಿನ ಹತ್ತಿರದ ಒಂದು ಬೊಟ್ಟು ಮಾತ್ರ ನೀಲಿ ಬಿಳಿಯಾಗಿ ಫಳಫಳ ಹೊಳೆಯಿತು.

ಮೂಳೆ ಹಾಗೆ ಹೊಳೆಯುತ್ತದೆ. ಮುರಿದ ಹಾರ್ಮೋನಿಯಂನ ಬಿಳಿ ಕೀ ಮೇಲೆ ಅಂಟಿಸಿದ್ದ ಮೂಳೆಯ ಚೂರನ್ನು ಅಪ್ಪ ದುಂಡಗೆ ಉಜ್ಜುತ್ತಿದ್ದದ್ದು, ಬೇರೆ ಬೊಟ್ಟುಗಳ ಬಣ್ಣಕ್ಕೆ ಹೊಂದಲೆಂದು ನನ್ನ ಚಹಾದ ಬಸಿಯಲ್ಲೇ ಅದನ್ನು ನೆನೆಹಾಕಿದ್ದು, ನಾನು ಅತ್ತದ್ದು, ಎಲ್ಲ ನೆನಪಾಯಿತು. ಸೇಠ್ ಗಿಟಾರಿನಲ್ಲಿ ಉದುರಿದ್ದ ಬೊಟ್ಟಿನ ಬದಲಿಗೆ ಅದು. ಆ ಬೊಟ್ಟನ್ನು ಸೇಠ್ ಎಂದೂ ನೋಡಿರಲಿಲ್ಲ. ನೋಡುವ ಮೊದಲೇ ನೆಕ್ ಬದಲಾಗಿತ್ತು.

"ದೀಪ ಹಚ್ಚಲೇನ ಮಗಳ? ಮುಗೀತಲ್ಲ?" ಎಂದರು ಕಾಕಾ.

"ಮುಗದಿಲ್ರಿ. ನೆಕ್ ಬಿಚ್ಚಬೇಕು."

"ಮುಟ್ಟಬ್ಯಾಡ ಅಂದೀನಲ್ಲ?"

"ಹಂಗಾದ್ರ 'ನೆಕ್ ನೋಡಾಕ ಮಾಲೀಕರು ಬಿಡಲಿಲ್ಲ' ಅಂತ ಬರೀತೀನಿ. ಸಹಿನೂ ಮಾಡ್ತೀನಿ."

ಸೇಠ್ ಕುರ್ಚಿಯಲ್ಲಿ ಮುಂದಕ್ಕೆ ಸರಿದರು. "ಬಿಚ್ಚಲಿ ಮಾರಾಯ್ರೆ. ಅಸಲಿ ಅಂತ ನೀವೇ ಹೇಳ್ತೀರಲ್ಲ, ಮತ್ತೆ ಎಂತ ಹೆದರಿಕೆ?"

"ಹೆದರಿಕಿ ಯಾಕ?" ಎಂದರು ಕಾಕಾ. ಮಾಲು ಮಾರಬೇಕಿತ್ತು, ಬೇರೆ ಏನೂ ಹೇಳುವ ಹಾಗಿರಲಿಲ್ಲ.

ಇನ್ನೊಂದು ವಿಷಯ ಇಲ್ಲೇ ಹೇಳಬೇಕು. ಮಹಾನವಮಿಗೆ ನಮ್ಮ ಕಡೆ ಖಂಡೆ ಪೂಜೆ. ಆ ದಿನ ಕೈಕೆಲಸದ ಸಾಮಾನಿಗೆಲ್ಲ ಪೂಜೆ ಆಗಬೇಕು. ಬೆಂಚಿನ ಮೇಲಿರುವ ವಾದ್ಯಗಳಿಗೂ ಅಪ್ಪ ಮೂರು ಬೆರಳಿನಿಂದ ಅರಿಶಿನದ ಗೆರೆ ಎಳೆಯುತ್ತಿದ್ದರು. ಒಮ್ಮೆ ಯಾರದೋ ಬಿಳಿ ಗಿಟಾರಿಗೆ ಹಳದಿ ಕಲೆ ಉಳಿದು ಗಿರಾಕಿ ಜಗಳ ತೆಗೆದ. ಕಾಕಾ ಅಪ್ಪನಿಗೆ ಬೈದರು: "ಇನ್ನ ಗಿರಾಕಿ ಮಾಲಿಗೆ ಅರಿಶಿನ ಹಚ್ಚಿದ್ದು ನನ್ನ ಕಣ್ಣಿಗೆ ಬಿದ್ದರ ನೋಡು." ಅಪ್ಪ ಎದುರಾಡಲಿಲ್ಲ. ಪೂಜೆಯನ್ನೂ ಬಿಡಲಿಲ್ಲ. ಕಾಕಾನ ಕಣ್ಣಿಗೆ ಬೀಳದ ಕಡೆ, ನೆಕ್ಕಿನ ಬುಡದಲ್ಲಿ, ಅದು ಬಾಡಿಯ ಗೂಡಿನೊಳಗೆ ಕೂರುವ ಜಾಗದಲ್ಲಿ ಗೆರೆ ಎಳೆದು, ಹಸಿ ಇರುವಾಗಲೇ ಸ್ಕ್ರೂ ಬಿಗಿಯತೊಡಗಿದರು. ಸೇಠ್ ಗಿಟಾರು ಬೆಂಚಿನ ಮೇಲಿದ್ದದ್ದು ಅಂಥ ಒಂದು ನವರಾತ್ರಿಯಲ್ಲಿ.

ನಾಲ್ಕು ಸ್ಕ್ರೂ ಬಿಚ್ಚಿ ಸ್ಟೀಲ್ ತಟ್ಟೆಗೆ ಹಾಕಿದೆ. ನೆಕ್ಕನ್ನು ಮೆಲ್ಲಗೆ ಅಲುಗಿಸಿ ಎತ್ತಿದೆ.

"ಟಾರ್ಚ್ ಹಿಡೀರಿ ಕಾಕಾ. ನನ್ನ ಎರಡೂ ಕೈ ಬೇಕು."

ಕಾಕಾ ಹಿಡಿದರು. ನೆಕ್ಕಿನ ಬುಡದಲ್ಲಿ ಅರಿಶಿನದ ಗೆರೆಗಳು ಆಗಷ್ಟೇ ಎಳೆದ ಹಾಗೆ ಹಸಿರು ಹಳದಿಯಾಗಿ ಉರಿದವು. ಬಿಸಿಲು ಕಂಡಿದ್ದರೆ ಎಂದೋ ಮಾಸುತ್ತಿದ್ದವು. ಕತ್ತಲಲ್ಲಿ ಹಾಗೇ ಉಳಿದಿದ್ದವು. ಮೂರು ಗೆರೆ, ನಡುವಿನದು ಗಿಡ್ಡ. ಅಪ್ಪನ ನಡುಬೆರಳಿನ ತುದಿ ಗರಗಸಕ್ಕೆ ಹೋಗಿತ್ತು.

ಬಾಡಿಯ ಗೂಡಿಗೆ ಬೆಳಕು ಹಿಡಿಸಿದೆ. ಬರೀ ಮರ, ಅರಿಶಿನದ ಸುಳಿವಿಲ್ಲ. ಅಪ್ಪ ಹಸಿ ಗೆರೆಯ ನೆಕ್ಕನ್ನು ಬಿಗಿದದ್ದು ಈ ಬಾಡಿಗಲ್ಲ. ಕಾಕಾ ಟಾರ್ಚು ಆರಿಸಿಬಿಟ್ಟರು. ನೆಕ್ ಬದಲಿಸಿದ ಅವಸರದಲ್ಲಿ ಗೆರೆಗಳನ್ನು ನೋಡಿರಲಿಕ್ಕಿಲ್ಲ, ಆದರೆ ಆ ಬೆರಳು ಅವರಿಗೂ ಗೊತ್ತು.

"ಸೇಠ್, ನೀವು ಒಂದೀಟು ಚಹಾ ಕುಡದು ಬರ್ರಿ" ಎಂದರು.

"ನಾನು ಚಹಾ ಕುಡಿಯುದಿಲ್ಲ. ಕಾಫಿ" ಎಂದರು ಸೇಠ್, ಕೂತಲ್ಲಿಂದ ಕದಲದೆ. "ಮೇಡಂ, ಎಂತ ಅದು?"

ಹೇಳಿದೆ. ಬೊಟ್ಟು, ಮೂಳೆ, ಖಂಡೆ ಪೂಜೆ, ಬೆರಳು, ಎಲ್ಲವನ್ನೂ ಒಂದೊಂದಾಗಿ, ವರದಿ ಓದುವ ದನಿಯಲ್ಲಿ ಹೇಳಿದೆ. ದನಿ ಏರಿಸಿದ್ದರೆ ಕಾಕಾಗೆ ಅದೇ ಒಂದು ನೆಪ ಸಿಗುತ್ತಿತ್ತು.

"ಅರಿಶಿನಾ ಯಾರರ ಹಚ್ಚಿರತಾರ" ಎಂದರು ಕಾಕಾ. "ನಾನ ಹಚ್ಚಿರಬೇಕು."

"ಹಂಗಾದ್ರ ನಿಮ್ಮ ಬೆರಳು ತೋರಸ್ರಿ."

ಅವರು ಕೈ ಹಿಂದಕ್ಕೆ ಎಳೆದುಕೊಂಡರು. ನಾನು ಸೇಠ್ ಕಡೆ ತಿರುಗಿದೆ. "ನಿಮ್ಮ ಹಳೇ ಗಿಟಾರ್ ಇನ್ನೂ ಐತೇನ್ರಿ?"

"ಉಂಟು. ಹೋಟೆಲಿನ ಮಾಳಿಗೆಯಲ್ಲಿ, ಗೋಡೆಗೆ ನೇತಾಡ್ತಾ ಉಂಟು. ಬಾರಿಸ್ಲಿಕ್ಕೆ ಆಗುದಿಲ್ಲ, ಬಿಸಾಡ್ಲಿಕ್ಕೆ ಮನಸ್ಸು ಬರುದಿಲ್ಲ."

ಅದನ್ನು ಬಿಚ್ಚಿದರೆ ಗೂಡಿನಲ್ಲಿ ಇದೇ ಗೆರೆಗಳ ಅಚ್ಚು ಇರಬೇಕು. ಇಲ್ಲದಿದ್ದರೆ ನಾನು ಹೇಳಿದ್ದೆಲ್ಲ ಗಾಳಿಮಾತು. ಕಾಕಾಗೂ ಅದು ಹೊಳೆದಿರಬೇಕು. ಮಂಡಿನೋವು ಎಂದರು, ಅಂಗಡಿ ತೆರೆದಿದೆ ಎಂದರು. ನಾನೇ ಶಟರ್ ಎಳೆದೆ.

"ನಡೀರಿ ಕಾಕಾ. ಅಪ್ಪನ ಚೀಲ ಝಾಡಸೂ ಮುಂದ ನಿಮ್ಮ ಮಂಡಿ ಬಾಳ ಗಟ್ಟಿ ಇದ್ದುವು."

ದಾದರಿನಿಂದ ಮಾಟುಂಗಾಗೆ ಲೋಕಲ್ಲಿನಲ್ಲಿ ಒಂದೇ ಸ್ಟೇಷನ್. ನೆಕ್ಕನ್ನು ಬಟ್ಟೆಯಲ್ಲಿ ಸುತ್ತಿ ಎದೆಗೆ ಒತ್ತಿಕೊಂಡು ನಿಂತಿದ್ದೆ. ಕಾಕಾಗೆ ಯಾರೋ ಸೀಟು ಬಿಟ್ಟುಕೊಟ್ಟರು. ಅದಕ್ಕೂ ನನಗೆ ಸಿಟ್ಟು ಬಂತು.

ಮಧ್ಯಾಹ್ನದ ಊಟದ ಗದ್ದಲ ಮುಗಿದಿತ್ತು. ಹಿಂಬದಿಯ ಕಲ್ಲಿನ ಮೇಜನ್ನು ಒರೆಸಿಸಿ, ಸೇಠ್ ತಮ್ಮ ಗಿಟಾರನ್ನು ಇಳಿಸಿ ತಂದರು. ಧೂಳು ಹಿಡಿದಿತ್ತು, ನೆಕ್ ಬಿಲ್ಲಿನ ಹಾಗೆ ಬಾಗಿತ್ತು. ಸ್ಕ್ರೂಗಳು ತುಕ್ಕು ಹಿಡಿದು ಜಪ್ಪಯ್ಯ ಎಂದರೂ ತಿರುಗಲಿಲ್ಲ. ಬೆಸುಗೆ ಹಾಕುವ ಕಾವಿಯನ್ನು ಬಿಸಿ ಮಾಡಿ ಸ್ಕ್ರೂ ತಲೆಗೆ ಹಿಡಿದು, ಆರಲು ಬಿಟ್ಟು, ಮತ್ತೆ ತಿರುವಬೇಕಾಯಿತು. ಕೊನೆಯದು ಅಲುಗಲೇ ಇಲ್ಲ. ಅಷ್ಟು ಹೊತ್ತೂ ಕಾಕಾನ ಮುಖದಲ್ಲಿ ಸಣ್ಣ ಆಸೆ ಇತ್ತು, ನಾನು ಕಂಡೆ. ಅದಕ್ಕೇ ಅವಸರ ಮಾಡಲಿಲ್ಲ. ಮೂರನೇ ಸಲ ಕಾವಿ ಹಿಡಿದ ಮೇಲೆ ಅದು ಕಿರುಗುಟ್ಟಿ ಸಡಿಲಾಯಿತು.

ಗೂಡಿನ ತಳದಲ್ಲಿ ಮೂರು ಗೆರೆಗಳ ಅಚ್ಚು ಕನ್ನಡಿಯಲ್ಲಿ ಕಂಡಂತೆ ತಿರುವುಮುರುವಾಗಿ ಬಿದ್ದಿತ್ತು. ನಡುವಿನದು ಗಿಡ್ಡ. ನಾನು ತಂದ ನೆಕ್ಕನ್ನು ಅದರ ಪಕ್ಕ ಹಿಡಿದೆ. ಸೇಠ್ ಎರಡನ್ನೂ ನೋಡಿದರು. ಆಮೇಲೆ ನೆಕ್ಕನ್ನು ಕೈಗೆ ತೆಗೆದುಕೊಂಡು, ಅದರ ಬೆನ್ನ ಮೇಲೆ ಪಾಲಿಶ್ ಸವೆದ ಜಾಗಕ್ಕೆ ಹೆಬ್ಬೆರಳು ಇಟ್ಟರು. ಬೆರಳು ಅಲ್ಲಿ ಸರಿಯಾಗಿ ಕೂತಿತು.

"ನನ್ನದೇ" ಎಂದರು. "ನನ್ನ ನೆಕ್ಕನ್ನು ನನಗೇ ಮಾರ್ಲಿಕ್ಕೆ ಹೊರಟದ್ದಾ ನೀವು?"

ಕಾಕಾ ನನ್ನನ್ನು ನೋಡಿದರು, ಸೇಠ್‌ರನ್ನಲ್ಲ. "ನನ್ನ ಗಿಟಾರಿನ ನೆಕ್ ಸೊಟ್ಟ ಆಗಿತ್ತು ಮಗಳ. ಆಶಾ ಆತು."

"ಆಶಾ ಎಲ್ಲಾರಿಗೂ ಆಗತೈತಿ. ಅಪ್ಪನ ಹೆಸರ್ಯಾಕ ಹೇಳಿದ್ರಿ?"

ಕಾಕಾ ನೀರಿನ ಲೋಟವನ್ನು ಹತ್ತಿರ ಎಳೆದುಕೊಂಡರು. "ಅಂವ ಎದರ ಮಾತಾಡತಿರಲಿಲ್ಲ" ಎಂದರು.

ಇಷ್ಟು ವರ್ಷ ನಾನು ಏನೇನೋ ಕಾರಣ ಕಲ್ಪಿಸಿಕೊಂಡಿದ್ದೆ. ಹೊಟ್ಟೆಕಿಚ್ಚು, ಸಾಲ, ಹಳೆಯ ಜಗಳ. ಇದನ್ನು ಮಾತ್ರ ಕಲ್ಪಿಸಿರಲಿಲ್ಲ. ಆ ಕ್ಷಣ ಕೈಯ ಹತ್ತಿರ ಇನ್ನೂ ಬಿಸಿ ಆರದ ಕಾವಿ ಇತ್ತು. ಅದನ್ನು ಮೇಜಿನ ಆಚೆ ತುದಿಗೆ ಇಟ್ಟೆ.

ಸೇಠ್ ನನ್ನೆದುರು ಕೈಮುಗಿದರು. "ತಪ್ಪಾಯ್ತಮ್ಮಾ. ನಾನು ಅವತ್ತು ಅವರಿಗೆ ಏನೇನೋ ಹೇಳಿದ್ದೇನೆ."

"ನಂಗ ಹೇಳಬ್ಯಾಡ್ರಿ. ಅವತ್ತು ಯಾರ ಮುಂದ ಬೈದಿದ್ರಿ, ಅವರಿಗೆ ಹೇಳ್ರಿ. ಈಗ. ನನ್ನ ಮುಂದ."

ಅವರು ಫೋನು ತೆಗೆದರು. ಡ್ರಮ್ಮಿನವರು, ಕೀಬೋರ್ಡಿನವರು, ಹಾಡುತ್ತಿದ್ದವರು, ಬದುಕಿ ಉಳಿದಿದ್ದ ಒಬ್ಬೊಬ್ಬರಿಗೂ ಫೋನು ಮಾಡಿದರು. ನಾನು ಸ್ಪೀಕರ್ ಹಾಕಿಸಿದೆ. ಮಾತು ತುಳುವಿನಲ್ಲಿ ನಡೆಯಿತು. ನನಗೂ ತುಳು ಬಾರದು, ಕಾಕಾಗೂ ಬಾರದು. ಆದರೆ ಪ್ರತಿ ಫೋನಿನಲ್ಲೂ ಮೊದಲು ಅಪ್ಪನ ಹೆಸರು, ಆಮೇಲೆ ಕಾಕಾನ ಹೆಸರು, ಆ ಕಡೆಯಿಂದ ಒಂದು ದೊಡ್ಡ ಉದ್ಗಾರ. ಅದಕ್ಕೆ ಭಾಷೆ ಬರಬೇಕಾಗಿರಲಿಲ್ಲ. ಕಾಕಾ ನೀರಿನ ಲೋಟ ನೋಡುತ್ತಾ ಕೂತಿದ್ದರು. ಎದ್ದು ಹೋಗಲು ಎರಡು ಸಲ ನೋಡಿದರು, ಎರಡು ಸಲವೂ ನಾನು "ಕೂಡ್ರಿ ಕಾಕಾ, ಇನ್ನೂ ಮುಗದಿಲ್ಲ" ಎಂದೆ. ಹೌದು, ನನಗೆ ಸಂತೋಷವಾಯಿತು. ಹಬ್ಬದ ದಿನ ಆಗುವಷ್ಟು ಸಂತೋಷವಾಯಿತು.

ಕೊನೆಗೆ ಸೇಠ್‌ರ ನೆಕ್ಕನ್ನು ಸೇಠ್‌ರ ಬಾಡಿಗೆ ಕೂರಿಸಿ ಸ್ಕ್ರೂ ಬಿಗಿದೆ. ಸೊಟ್ಟ ನೆಕ್ಕನ್ನು ಕಾಕಾನ ಕೈಗೆ ಕೊಟ್ಟೆ. "ಇದು ನಿಮ್ಮದು. ಒಯ್ರಿ." ಸುತ್ತಿಕೊಳ್ಳಲು ಬಟ್ಟೆ ಕೇಳಿದರು. ಬಟ್ಟೆ ನನ್ನದು, ಕೊಡಲಿಲ್ಲ. ಬರಿಯ ನೆಕ್ಕನ್ನು ಊರುಗೋಲಿನ ಹಾಗೆ ಹಿಡಿದುಕೊಂಡು ಮಾಟುಂಗಾ ಸ್ಟೇಷನ್ ಕಡೆ ನಡೆದರು.

ಮರುದಿನ ಒಪ್ಪಿಕೊಂಡ ಕೆಲಸ ಮುಗಿಸಿ ಕಾಕಾಗೆ ಅವರ ಗಿಟಾರಿನ ವರದಿ ಕಳಿಸಿದೆ. ಬಾಡಿ: ಅಸಲಿ. ಪಾಲಿಶ್: ಅಸಲಿ. ಪಿಕಪ್ ಮತ್ತು ವೈರಿಂಗ್: ಅಸಲಿ. ನೆಕ್: ಇಲ್ಲ. ಬೆಲೆಯ ಜಾಗದಲ್ಲಿ 'ಬಿಡಿಭಾಗಗಳಾಗಿ ಮಾತ್ರ' ಎಂದು ಬರೆದೆ. ಒಂದಕ್ಷರ ಸುಳ್ಳಿಲ್ಲ.

ಸುದ್ದಿ ಬೇಗ ಹರಡಿತು. ಅಪ್ಪನ ಕೈಯಲ್ಲಿ ರಿಪೇರಿ ಮಾಡಿಸಿದ್ದ ಮುದಿ ವಾದಕರು ಬೊರಿವಲಿ, ಮುಲುಂಡ್, ಠಾಣೆಯಿಂದೆಲ್ಲ ಗಿಟಾರು ಹೊತ್ತುಕೊಂಡು ಬಂದು, ನಮ್ಮದರಲ್ಲೂ ಆ ಗೆರೆ ಉಂಟಾ ನೋಡಿ ಎಂದು ಕೇಳಿದರು. ಎಲ್ಲವನ್ನೂ ಬಿಚ್ಚಿ, ಟಾರ್ಚು ಹಚ್ಚಿ, ತೋರಿಸಿದೆ. ಕೆಲವರು ಕಣ್ಣು ಒರೆಸಿಕೊಂಡರು. ಇವರೇ ಅಲ್ಲವೆ ಆಮೇಲೆ ಅಪ್ಪನನ್ನು ಕಂಡರೆ ರಸ್ತೆ ದಾಟುತ್ತಿದ್ದವರು? ಒಬ್ಬರಿಗೂ ಚಹಾ ಕೊಡಲಿಲ್ಲ.

ಆ ವರ್ಷದ ದಸರೆಯ ಸಂಜೆ ಕಾಕಾ ನನ್ನ ವರ್ಕ್‌ಶಾಪಿಗೆ ಬಂದರು. ಬನ್ನಿ ಕೊಟ್ಟು ತಗೊಂಡರೆ ವರ್ಷದ ಮುನಿಸೆಲ್ಲ ಅಲ್ಲಿಗೆ ಮುಗಿಯಬೇಕು, ನಮ್ಮ ಕಡೆಯ ಪದ್ಧತಿ ಅದು. ಅದನ್ನೇ ನಂಬಿ ಬಂದಿದ್ದರು. ಬನ್ನಿ ಈ ಊರಲ್ಲಿ ಎಲ್ಲಿ ಸಿಗಬೇಕು? ಬನ್ನಿಯ ಬದಲು ಇಲ್ಲಿಯವರು ಹಂಚುವ ಆಪ್ಟೆ ಎಲೆ, ದಾದರ್ ಹೂವಿನ ಮಾರ್ಕೆಟ್ಟಿನದು, ಅವರ ಕೈಯಲ್ಲಿತ್ತು. ಇಳಿದು ಹೋಗಿದ್ದರು. ಅಂಗಡಿ ಹೋಗಿತ್ತು, ಫೋನು ಎತ್ತುವವರು ಯಾರೂ ಉಳಿದಿರಲಿಲ್ಲವೆಂದು ಕೇಳಿದ್ದೆ.

"ಬನ್ನಿ ತಗೋ ಮಗಳ" ಎಂದರು. "ಬಂಗಾರದ್ಹಂಗ ಇರೂಣು."

ಎಲೆ ತೆಗೆದುಕೊಂಡೆ. ಅವರ ಮುಖ ಸ್ವಲ್ಪ ಅರಳಿತು. ನಾನು ಬಗ್ಗಿ ಕಾಲಿಗೆ ನಮಸ್ಕಾರವನ್ನೂ ಮಾಡಿದೆ. ಅಪ್ಪ ಕಳ್ಳನೆಂಬ ಹೆಸರು ಹೊತ್ತು ಎಷ್ಟು ವರ್ಷ ಬದುಕಿದ್ದರೆಂಬುದು ನಮ್ಮಿಬ್ಬರಿಗೂ ಗೊತ್ತಿತ್ತು. ಈಗ ಆ ಹೆಸರು ಕಾಕಾನ ತಲೆ ಮೇಲಿತ್ತು.

"ನೂರು ವರ್ಷ ಬಾಳ್ರಿ ಕಾಕಾ" ಎಂದೆ.

ಮನಸಾರೆ ಹೇಳಿದೆ. ಅವರಿಗೆ ಅರ್ಥವಾಯಿತು. ಕೈಯಲ್ಲಿದ್ದ ಉಳಿದ ಎಲೆಗಳನ್ನು ಜೇಬಿಗೆ ಹಾಕಿಕೊಂಡು, ಗೋಡೆ ಹಿಡಿದು ಮೆಟ್ಟಿಲಿಳಿದರು.